ಯಾವಾಗ ಅಂತ ಹೇಳಿ

ಬೆಳಗಿನ ಪಾಳಿಗೆ ಇಲ್ಲ ಆ ಸದ್ದು.
ಆರೂವರೆಗೆ ಮೂವರು ನರ್ಸುಗಳನ್ನು ಹತ್ತಿಸಿಕೊಂಡು
ಮೋರ್ಗನ್ಸ್ ಗೇಟಿನಿಂದ ಹೊರಟರೆ
ಫಿಯಾಟು ತಕರಾರಿಲ್ಲದೆ ಏರುತ್ತದೆ ನಂದಿಗುಡ್ಡೆ.
ಮಧ್ಯಾಹ್ನದ ಪಾಳಿಗೆ ಮಾತ್ರ,
ಡಾಂಬರು ಚಪ್ಪಲಿಗೆ ಅಂಟುವ ಮೇ ತಿಂಗಳ ಒಂದೂವರೆಗೆ,
ಅರ್ಧ ಏರಿನಲ್ಲಿ, ಬಾನೆಟ್ಟಿನ ಅಡಿಯಿಂದ,
ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದ ಹಾಗೆ.

ಸದ್ದಿನ ವಿಷಯ ನನಗೆ ಯಾರೂ ಕಲಿಸಬೇಕಿಲ್ಲ.
ಇಪ್ಪತ್ತೆರಡು ವರ್ಷ ಹಂಚಿನ ಕಾರ್ಖಾನೆಯಲ್ಲಿ
ಭಟ್ಟಿಯಿಂದ ಇಳಿದ ಹಂಚುಗಳನ್ನು ಬೆರಳಗೆಣ್ಣಿನಿಂದ ಬಡಿದು
ಬೇರೆ ಮಾಡಿದವಳು:
ಠಣ್ ಎಂದರೆ ಒಂದನೇ ನಂಬರು,
ಠಪ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು.

ಕಂಕನಾಡಿಯ ಗ್ಯಾರೇಜಿನ ಹುಡುಗ ಕಿವಿಯನ್ನೇ ಕೊಡಲಿಲ್ಲ.
"ಬೇರಿಂಗು ಹೋಗಿದೆ. ಎಂಜಿನ್ ಇಳಿಸಬೇಕು.
ನಲವತ್ತು ಸಾವಿರ" ಎಂದ, ಫೋನಿನಿಂದ ಕಣ್ಣೆತ್ತದೆ.

ಬೋಳಾರದ ಇದಿನಬ್ಬರು ಬಾನೆಟ್ಟು ಕೂಡ ಎತ್ತಲಿಲ್ಲ.
ಚಹಾದ ಗ್ಲಾಸು ಕೆಳಗಿಟ್ಟು,
"ಎಂಥ ಸೌಂಡು ಅಂತ ಬೇಡ ಲೆತೀಸ್ ಬಾಯಿ,
ಯಾವಾಗ ಅಂತ ಹೇಳಿ."

ಸ್ಟಾರ್ಟು ಮಾಡುವಾಗ? ಇಲ್ಲ.
ನಿಂತಲ್ಲೇ ಓಡುವಾಗ? ಟಿಕ್ ಟಿಕ್ ಉಂಟು.
"ಅದು ಟ್ಯಾಪೆಟ್ಟು. ಅದರ ಮಾತು ಅದು ಆಡಲಿ."
ಏರಿನಲ್ಲಿ, ಟಾಪ್ ಗೇರಿನಲ್ಲಿ? ಹೌದು.
ಕಾಲು ತೆಗೆದರೆ?
ನಿಲ್ಲುತ್ತದೆ, ಯಾರೋ ಬಾಯಿ ಮುಚ್ಚಿದ ಹಾಗೆ.

"ಬೇರಿಂಗಾದರೆ ಬೆಳಗ್ಗೆಯೂ ಬಡಿಯಬೇಕಲ್ಲ,
ಅದಕ್ಕೆ ಗಡಿಯಾರ ನೋಡ್ಲಿಕ್ಕೆ ಬರುವುದಿಲ್ಲ.
ನಾಳೆ ಮಧ್ಯಾಹ್ನ ಬನ್ನಿ, ಊಟ ಆದ ಮೇಲೆ."

ಮರುದಿನ ಪಕ್ಕದಲ್ಲಿ ಕೂತರು,
ಸುಡುವ ಸೀಟಿಗೆ ಹೆಗಲಿನ ಟವೆಲು ಹಾಸಿ.
ನರ್ಸುಗಳ ತೂಕಕ್ಕೆ ಹಿಂದೆ
ನಾಲ್ಕು ಗ್ರೀಸಿನ ಡಬ್ಬಿ, ಯಾರದೋ ಸತ್ತ ಗೇರ್‌ಬಾಕ್ಸು.
ಮುಳ್ಳು ಕೆಂಪಿನ ಹತ್ತಿರ.
ಸ್ಮಶಾನದ ಗೋಡೆ ದಾಟುತ್ತಲೇ ಬಂತು ಹುಣಸೆಬೀಜ.
ಅವರು ಕಣ್ಣು ಮುಚ್ಚಿದರು.
"ಕಾಲು ತೆಗೀರಿ." ಹೋಯಿತು.
"ಒತ್ತಿ." ಬಂತು.
ಮತ್ತೊಮ್ಮೆ ಒತ್ತಿ ಎಂದರು, ಇಷ್ಟದ ಹಾಡೆಂಬಂತೆ.

"ಪಿಸ್ಟನ್ನು ಮೇಲೆ ಮುಟ್ಟುವ ಎಷ್ಟೋ ಮೊದಲೇ ಕಿಡಿ ಬರ್ತಾ ಉಂಟು.
ಮೆಟ್ಟಿಲು ಹತ್ತುವವನ ನೆತ್ತಿಗೆ ಮೇಲಿಂದ ಒದ್ದ ಹಾಗೆ.
ಬೆಳಗ್ಗೆ ತಂಪಿಗೆ ಹೇಗೋ ಸುಧಾರಿಸ್ತದೆ.
ಈ ಸೆಕೆ, ಈ ಪೆಟ್ರೋಲು, ಒಳಗೆ ಕಟ್ಟಿದ ಮಸಿ,
ಇವಕ್ಕೆ ಕಾಯುವ ತಾಳ್ಮೆ ಇಲ್ಲ.
ಡಿಸ್ಟ್ರಿಬ್ಯೂಟರು ಮುಟ್ಟಿದ್ದು ಯಾರು?"

ನಾನೇ. ಜನವರಿಯಲ್ಲಿ, ಪಿಕಪ್ಪು ಸಾಲದೆಂದು
ಸ್ಪ್ಯಾನರು ಹಿಡಿದು ಅರ್ಧ ಬೆರಳು ಮುಂದೆ ತಿರುಗಿಸಿದ್ದೆ.

ಇನ್ನೊಂದನ್ನು ಅವರಿಗೆ ಹೇಳಲಿಲ್ಲ.
ಕಾರ್ಖಾನೆ ಮುಚ್ಚುವಾಗ
ಯೂನಿಯನ್ನು ಗೇಟಿನಲ್ಲಿ ಕೂತು ಕಾಯಿರಿ, ಕಾಯಿರಿ ಎನ್ನುತ್ತಿದ್ದರೆ
ಎಲ್ಲರಿಗಿಂತ ಮೊದಲು ಸಹಿ ಹಾಕಿ
ಬಾಕಿಯ ಬದಲಿಗೆ ಮ್ಯಾನೇಜರರ ಹಳೆಯ ಫಿಯಾಟು
ಮನೆಗೆ ತಂದವಳು ನಾನು.
ಉಳಿದವರಿಗೆ ಹನ್ನೊಂದು ತಿಂಗಳಿಗೆ ದುಡ್ಡು ಬಂತು, ಪೂರ್ತಿ.
ನನ್ನ ಪಕ್ಕದಲ್ಲೇ ಹಂಚು ಬಡಿಯುತ್ತಿದ್ದ ಅಪ್ಪಿ
ಈಗಲೂ ಬಸ್ಸಿಗೇ ಕಾಯುತ್ತಾಳೆ,
ನಾನು ನಿಲ್ಲಿಸಿ ಬಾಗಿಲು ತೆರೆದರೂ.

ಇದಿನಬ್ಬರು ಬಿಸಿ ಎಂಜಿನ್ನಿಗೆ ಬರಿಗೈ ಹಾಕಿ
ಬೋಲ್ಟು ಸಡಿಲಿಸಿ ಒಂದು ನೂಲು ಹಿಂದಕ್ಕೆ ಸರಿಸಿದರು.
ನೂರೈವತ್ತು ರೂಪಾಯಿ.
"ಮಸಿ ಹಾಗೇ ಉಂಟು. ಮಳೆ ಬರಲಿ, ಹೆಡ್ಡು ಬಿಚ್ಚುವ."

ಮೊನ್ನೆ ಗೋಡೆ ದಾಟಿತು, ಸದ್ದಿಲ್ಲ.
ಏರು ಮುಗಿಯುವಲ್ಲಿ
ಬೆವರಿನ ನಡುವೆ ಒಂದೆರಡು ಬೀಜ ಅಷ್ಟೆ.
"ಸೌಂಡು ಹೋಯ್ತಲ್ಲ ಬಾಯಿ?" ಎಂದಳು ಹಿಂದಿನಿಂದ
ಸಿಸ್ಟರ್ ಪ್ರಫುಲ್ಲಾ.
ಉತ್ತರ ಬಾಯಿಗೆ ಬಂದಿತ್ತು.
ಮೊದಲು ಗೇರು ಇಳಿಸಿದೆ.